ಒಳಗಿನ ಚಿಲಕ

ಮಡಿಲಕ್ಕಿಯ ಗಂಟನ್ನು ಮೇಜಿನ ಮೇಲಿಟ್ಟು, ಕಾವ್ಯಶ್ರೀ ಎದ್ದುಹೋಗಿ ಬಾಗಿಲು ಮುಚ್ಚಿದಳು. ಬರೆಯುತ್ತಿದ್ದ ಆಪ್ತಸಮಾಲೋಚಕಿ ನಾಗಲಕ್ಷ್ಮಿ ತಲೆಯೆತ್ತಿ ನೋಡಿದರು. ಹನ್ನೊಂದು ಸೋಮವಾರ ಉಮ್ಮತ್ತೂರಿನಿಂದ ಬಸ್ಸು ಹತ್ತಿ ಚಾಮರಾಜನಗರದ ಈ ಕೋಣೆಗೆ ಬಂದವಳು, ಹನ್ನೊಂದು ಸಲವೂ ಬಾಗಿಲು ತೆರೆದೇ ಇರಲಿ ಎಂದಿದ್ದಳು.

"ಮುಚ್ಚಿದ್ರೆ ಪರವಾಗಿಲ್ವಾ ಕಾವ್ಯ?"

"ನಾನೇ ಮುಚ್ಚಿದ್ದು ಮೇಡಂ. ಬೇಕು ಅನ್ನಿಸ್ದಾಗ ನಾನೇ ತಗೀತೀನಿ."

ಇಷ್ಟು ಹೇಳುವುದಕ್ಕೆ ಅವಳಿಗೆ ಮೂರು ತಿಂಗಳು ಹಿಡಿದಿತ್ತು. ಚಂದಕವಾಡಿಯಲ್ಲಿ ಗಂಡ ಬಸವಪ್ರಸಾದ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಹೊಡೆದು, ಅವಳನ್ನು ಅಡುಗೆಮನೆಯೊಳಕ್ಕೆ ದೂಡಿ, ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗಿದ್ದ. ಎರಡು ಹಗಲು, ಎರಡು ರಾತ್ರಿ. ಅದು ಮೊದಲನೆಯ ಸಲವೂ ಅಲ್ಲ. ತವರಿಗೆ ಬಂದ ಮೇಲೂ ಎಲ್ಲಾದರೂ ಚಿಲಕ ಟಕ್ಕೆಂದರೆ ಸಾಕು, ಕೈಕಾಲು ತಣ್ಣಗಾಗಿ ನಿಂತಲ್ಲೇ ಕುಸಿಯುತ್ತಿದ್ದಳು. ಊರಿನವರು ಗಾಳಿ ಸೋಕಿದೆ ಎಂದರು. ಅವ್ವ ಪುಟ್ಟಬಸಮ್ಮ ತಾಯತ ಕಟ್ಟಿಸಿದಳು. ಹೊಡೆದವನಿಗೆ ಏನು ಸೋಕಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ನಾಗಲಕ್ಷ್ಮಿ ಮೊದಲ ದಿನ ಏನಾಯಿತು ಎಂದು ಕೆದಕಿರಲಿಲ್ಲ. "ಎಲ್ಲಿ ಕೂತ್ಕೋತೀರ? ಬಾಗಿಲು ತೆಗೆದಿರಲಾ, ಹಾಕಲಾ?" ಎಂದಷ್ಟೇ ಕೇಳಿದ್ದರು. ಮದುವೆಯಾದ ಆರು ವರ್ಷದಲ್ಲಿ ಅವಳ ಇಷ್ಟ ಏನೆಂದು ಯಾರಾದರೂ ಕೇಳಿದ್ದು ಅದೇ ಮೊದಲು. ಅವತ್ತು ಅತ್ತುಬಿಟ್ಟಿದ್ದಳು.

ಇವತ್ತು ಅಳಲಿಲ್ಲ. ಬೆಳಿಗ್ಗೆ ನಡೆದದ್ದನ್ನೆಲ್ಲ ಹೇಳಿದಳು. ಅವ್ವ ಹೊಸಿಲ ಬಳಿ ನಿಲ್ಲಿಸಿ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು ಸುರಿದು ಮಡಿಲು ತುಂಬಿದ್ದಳು. ಡಾಕ್ಟರಮ್ಮ ವಾಸಿಯಾಯಿತು ಎಂದರೆ ಅಲ್ಲಿಂದಲೇ ಗಂಡನ ಮನೆಗೆ ಬಿಟ್ಟು ಬಾ ಎಂದು ಅಣ್ಣ ಮಲ್ಲೇಶನಿಗೆ ಹೇಳಿ ಕಳಿಸಿದ್ದಳು. ತವರಿನ ಮಡಿಲಕ್ಕಿ ಗಂಡನ ಮನೆಯ ಒಲೆಯ ಮೇಲೆ ಬೇಯಬೇಕು, ಅದು ಪದ್ಧತಿ. ಕಾವ್ಯಶ್ರೀ ಅದನ್ನೆಲ್ಲ ಗಂಟು ಕಟ್ಟಿಕೊಂಡು ಅಣ್ಣನ ಹಿಂದೆ ಬಸ್ಸು ಹತ್ತಿದ್ದಳು.

ಗಂಟೆ ಕಳೆಯಿತು. ಹೊರಗೆ ಬೆಂಚಿನ ಮೇಲೆ, ಬೈಕು ಸರ್ವೀಸಿಗೆ ಬಿಟ್ಟವನಂತೆ ಕಾದು ಕುಳಿತಿದ್ದ ಮಲ್ಲೇಶ ಬಾಗಿಲು ಬಡಿದ. ಅವಳೇ ಹೋಗಿ ತೆಗೆದಳು.

"ಓಹೋ, ಬಾಗ್ಲಾಕಂಡು ಕೂತಿದ್ದಾ! ಅಂಗಾರೆ ವಾಸಿಯಾಯ್ತು ಬುಡು!" ಅವನ ಮುಖ ಅರಳಿತು. "ಏನಂತೀರ ಡಾಕ್ಟ್ರಮ್ಮ? ಇವತ್ತು ಸ್ವಾಮಾರ, ದಿನ ಚೆಂದಾಗದೆ. ನಡಿ ಕಣಮ್ಮಿ, ಚಂದಕವಾಡಿ ಬಸ್ಸಿಗೆ ಓಗನ."

"ಅದನ್ನ ನಾನು ಹೇಳೋ ಹಾಗಿಲ್ಲ. ಅವರನ್ನೇ ಕೇಳಿ," ಎಂದರು ನಾಗಲಕ್ಷ್ಮಿ.

ಕಾವ್ಯಶ್ರೀ ಇಲ್ಲಿ ಕಲಿತ ಹಾಗೆ ಎರಡು ಪಾದವನ್ನೂ ನೆಲಕ್ಕೆ ಒತ್ತಿ ನಿಂತು, ನಿಧಾನವಾಗಿ ಉಸಿರು ಬಿಟ್ಟಳು.

"ವಾಸಿಯಾಗದೆ ಅಣ್ಣ. ಅದ್ಕೇ ಓಗಲ್ಲ."

"ಮತ್ತೆ ಇಷ್ಟು ದಿನ ಇಲ್ಲಿಗೆ ಬಂದದ್ದು ಯಾತಕ್ಕೆ? ಜನ ಏನಂದಾರು?"

"ಎರಡು ದಿನ ನನ್ನ ಕೂಡಾಕಿದ್ನಲ್ಲ, ಆಗ ಜನ ಏನಂದ್ರು? ಅದ್ನ ಮೊದ್ಲು ಏಳು."

ಮಲ್ಲೇಶ ಸರಸರ ಹೊರಟ. ಬಸ್‌ಸ್ಟ್ಯಾಂಡಿಗೆ ಬಂದಾಗ ಹಟ ಹಿಡಿದು ಚಂದಕವಾಡಿ ಬಸ್ಸಿನ ಕಡೆಗೇ ನಡೆದ. ಮೆಟ್ಟಿಲ ಮೇಲೆ ಕಾಲಿಟ್ಟು ಹಿಂತಿರುಗಿ ನೋಡಿದರೆ ತಂಗಿ ಇಲ್ಲ. ಅತ್ತ ಉಮ್ಮತ್ತೂರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಬಸ್ಸು ಹೊರಟೇಬಿಟ್ಟಿತು. ಅವನು ಓಡಿಬಂದು ಹತ್ತಿಕೊಳ್ಳಬೇಕಾಯಿತು.

ಮನೆಗೆ ಬಂದವಳೇ ಗಂಟು ಬಿಚ್ಚಿ, ಅಕ್ಕಿ ತೊಳೆದು, ಗ್ಯಾಸ್ ಒಲೆ ಹಚ್ಚಿದಳು. ಪುಟ್ಟಬಸಮ್ಮ ಗಾಬರಿಯಾಗಿ ಅಡುಗೆಮನೆಗೆ ಬಂದಳು.

"ಅಯ್ಯೋ, ಅದು ಮಡಿಲಕ್ಕಿ ಕಣಮ್ಮಿ! ಗಂಡನ ಮನೇಲಿ ಬೇಯ್ಬೇಕಾದ್ದು!"

"ಅಲ್ಲಿ ನಾನು ಬೆಂದದ್ದು ಸಾಕು ಕಣವ್ವ. ಅಕ್ಕಿ ಇಲ್ಲೇ ಬೇಯ್ಲಿ."

ಪುಟ್ಟಬಸಮ್ಮ ಮಗಳ ಮುಖ ನೋಡಿ, ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತಳು. ಆ ಅನ್ನ ನಾನು ಮುಟ್ಟುವುದಿಲ್ಲ ಎಂದು ಮಲ್ಲೇಶ ಅಲ್ಲಿಂದಲೇ ಕೂಗಾಡಿದ. ಅವನನ್ನು ಯಾರೂ ಉಣ್ಣಲು ಕರೆದಿರಲಿಲ್ಲ.

ಅನ್ನ ಆಯಿತು. ಗಂಡಸರು ಉಣ್ಣುವ ಮೊದಲು ಆ ಮನೆಯಲ್ಲಿ ಹೆಂಗಸು ತಟ್ಟೆ ಇಟ್ಟುಕೊಂಡದ್ದೇ ಇಲ್ಲ. ಕಾವ್ಯಶ್ರೀ ತನಗೇ ಮೊದಲು, ಧಾರಾಳವಾಗಿ ಬಡಿಸಿಕೊಂಡಳು. ಆಮೇಲೆ ಎದ್ದು ಅಡುಗೆಮನೆಯ ಬಾಗಿಲು ಮುಚ್ಚಿ, ಒಳಗಿನ ಚಿಲಕಕ್ಕೆ ಕೈ ಹಾಕಿದಳು. ಎರಡು ಪಾದವನ್ನೂ ನೆಲಕ್ಕೆ ಒತ್ತಿದಳು.

ಟಕ್.

ಎದೆ ಒಮ್ಮೆ ಝಲ್ಲೆಂದಿತು, ಅಷ್ಟೆ. ಕಾಲು ಕುಸಿಯಲಿಲ್ಲ. ಬಂದು ತಟ್ಟೆಯ ಮುಂದೆ ಕುಳಿತಳು.

ಚಿಲಕದ ಸದ್ದು ಜಗಲಿಗೂ ಕೇಳಿತ್ತು. ಮಲ್ಲೇಶ ಓಡಿಬಂದು ಬಾಗಿಲು ಬಡಿಯತೊಡಗಿದ. ಈಗ ಅವನ ದನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. "ಕಾವ್ಯಾ! ಒಳಗೆ ಏನ್ಮಾಡ್ತಿದ್ದೀಯಮ್ಮಿ? ಬಾಗ್ಲು ತಗಿ! ತಗೀಮ್ಮಿ!"

ಅವಳು ಬಾಯಲ್ಲಿದ್ದ ತುತ್ತನ್ನು ಸಾವಕಾಶವಾಗಿ ಅಗಿದು ನುಂಗಿದಳು.

"ಉಣ್ತಾ ಇವ್ನಿ ಅಣ್ಣ. ಒಟ್ಟೆ ತುಂಬುದ್ ಮ್ಯಾಲೆ ತಗೀತೀನಿ."