ಗರಡಿಮನೆಯ ಗಂಡುಗಲಿ

ಅವತ್ತು ಬೆಳಿಗ್ಗೆ ಆಷಾಢದ ಗಾಳಿ... ಹನಿ ಮಳೆಯಿಲ್ಲ, ಬರೀ ಗಾಳಿ.

ಬೀದಿಯ ಫ್ಲೆಕ್ಸ್‌ಗಳೆಲ್ಲ ಪಟಪಟ ಬಡಿದುಕೊಳ್ಳುತ್ತಿದ್ದವು. ಒಂದೊಂದರಲ್ಲೂ ಒಬ್ಬೊಬ್ಬ ವೀರ... ತಲೆಗೆ ಪೇಟ, ಕೈಯಲ್ಲಿ ಕತ್ತಿ, ಕಣ್ಣಿಗೆ ಕೂಲಿಂಗ್ ಗ್ಲಾಸ್!

ಕೋಟೆ ಇರುವ ಆ ಊರಿನಲ್ಲಿ 'ವೀರಪಡೆ' ಎಂಬ ಸಂಘವಿದೆ. ಟೈಲ್ಸ್ ಅಂಗಡಿಯವರು, ಕಲ್ಯಾಣ ಮಂಟಪದವರು, ಫೈನಾನ್ಸಿನವರು... ಭಾನುವಾರ ಬಂದರೆ ಹಳೇ ಕಾಲದ ಸೈನಿಕರ ವೇಷ ಹಾಕಿ ಮೆರವಣಿಗೆ ಹೊರಡುತ್ತಾರೆ.

ವೇಷ ಹಾಕುವುದು ತಪ್ಪಲ್ಲ ಬಿಡಿ. ಆದರೆ ಅವರು ತಮಗೆ ತಾವೇ ಬಿರುದನ್ನೂ ಹಂಚಿಕೊಂಡರು.

ಒಬ್ಬ ದಳವಾಯಿ... ಒಬ್ಬ ರಣಧೀರ... ಅಧ್ಯಕ್ಷ ಓಬಳೇಶ, 'ಗಂಡುಗಲಿ'.

ಬರೀ ಹೆಸರು ಹಿಡಿದು ಕರೆದರೆ ಯಾರೂ ತಿರುಗಿ ನೋಡುವುದಿಲ್ಲ. ವಾಟ್ಸಾಪಿನಲ್ಲಿ ಬಿರುದು ಬಿಟ್ಟು ಬರೆದರೆ ಗ್ರೂಪಿನಿಂದಲೇ ಔಟ್. ದಳವಾಯಿಯ ಹೆಂಡತಿ ಕೂಡ "ದಳವಾಯಿಗಳೇ, ಬರ್ತಾ ಅರ್ಧ ಲೀಟರ್ ಹಾಲು ತನ್ನಿ" ಎಂದು ಮೆಸೇಜ್ ಹಾಕಬೇಕಂತೆ!

ಈ ವೀರರು ಸಭೆ ಸೇರುವುದು ಊರಿನ ಹಳೇ ಗರಡಿಮನೆಯಲ್ಲಿ.

ಓಬಳೇಶ ಕುಸ್ತಿಯ ಮಣ್ಣಿನ ಕಣವೊಂದನ್ನು ಬಿಟ್ಟು ಅಲ್ಲೆಲ್ಲ ತನ್ನ ಅಂಗಡಿಯ ಟೈಲ್ಸನ್ನೇ ಹಾಕಿಸಿದ. ಸಿಂಹಾಸನದಂಥ ಕುರ್ಚಿ ಇಡಿಸಿದ... ಅದೂ ಗರಡಿಯ ಆಂಜನೇಯನ ಮೂರ್ತಿಗೆ ಬೆನ್ನು ಮಾಡಿ! ಆಮೇಲೆ ಸಭೆ ಇಲ್ಲದ ಹೊತ್ತಿನಲ್ಲೆಲ್ಲ ಬಾಗಿಲಿಗೆ ಬೀಗ ಜಡಿದ. ಕುಸ್ತಿ ಕಲಿಯುವ ಮಕ್ಕಳ ಕೆಮ್ಮಣ್ಣಿನ ಕಾಲಿಗೆ ಟೈಲ್ಸ್ ಕೊಳೆಯಾಗುತ್ತದಂತೆ.

ಮಕ್ಕಳು ರಸ್ತೆಯ ಕಾಂಕ್ರೀಟಿನ ಮೇಲೆ ಪಟ್ಟು ಕಲಿಯುವಂತಾಯಿತು. ಹಿಂದಿನ ದಿನವಷ್ಟೇ ಒಂದು ಹೆಣ್ಣುಮಗು ಬಿದ್ದು ಗದ್ದ ಒಡೆದುಕೊಂಡಿತ್ತು.

ಅದಕ್ಕೇ ಅವತ್ತು ವೀರರ ಸಭೆ ಸೇರಿದ್ದಾಗ ಪಾಲಯ್ಯ ಉಸ್ತಾದರು ಗರಡಿಮನೆಗೆ ಬಂದರು. ಮೂರು ತಲೆಮಾರಿಗೆ ಕುಸ್ತಿ ಕಲಿಸಿದ ಜೀವ. ಓಬಳೇಶನಿಗೂ ಅವರೇ ಗುರು.

ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದು ಕೇಳಿದರು... "ಲೇ ಓಬ್ಯಾ, ಬೀಗದ ಕೈ ಕೊಡಪ್ಪ. ಮಕ್ಳು ಕಾಂಕ್ರೀಟ್ ಮ್ಯಾಲೆ ಬಿದ್ದು ಮೂಳೆ ಮುರ್ಕಂತವೆ."

ಓಬಳೇಶ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

ದಳವಾಯಿ ನಕ್ಕ. "ಯಾರನ್ನ ಹುಡುಕ್ತಿದೀರಾ ಉಸ್ತಾದ್? ಓಬ್ಯಾ ಅನ್ನೋರು ಇಲ್ಲಿ ಯಾರೂ ಇಲ್ಲ. ಗಂಡುಗಲಿ ಓಬಳೇಶಪ್ಪನೋರು ಅಂತ ಒಬ್ರು ಅದಾರೆ ನೋಡಿ!"

"ಹಂಗಂದ್ರೆ ಕೊಡ್ತೀರೇನಪ್ಪ?"

"ಕೈ ಮುಗಿದು ಹೇಳಿ... ವಿಚಾರ ಮಾಡಾನ."

ಉಸ್ತಾದರು ಕೈ ಮುಗಿದರು. "ಗಂಡುಗಲಿ ಓಬಳೇಶಪ್ಪನೋರೇ..."

"ತಡೀರಿ ತಡೀರಿ, ವಿಡಿಯೋ ಆನ್ ಆಗಿಲ್ಲ!" ದಳವಾಯಿ ಮೊಬೈಲ್ ಎತ್ತಿ ಹಿಡಿದ. "ಇನ್ನೊಂದ್ಸಲ ಹೇಳಿ. ಹಂಗೇ ಸ್ವಲ್ಪ ಬಗ್ಗಿ!"

ಎಂಬತ್ತರ ಆ ಬೆನ್ನು ಬಗ್ಗಿತು. "ಗಂಡುಗಲಿ ಓಬಳೇಶಪ್ಪನೋರೇ..."

ಓಬಳೇಶ ಕಾಲ ಮೇಲೆ ಕಾಲು ಹಾಕಿಕೊಂಡು, ಕ್ಯಾಮೆರಾಗೆ ಸರಿಯಾಗಿ ಮೀಸೆ ತಿರುವಿದ.

ಶಿವನೇ... ಬರೆಯುವಾಗಲೂ ಬಾಯಿ ಕಹಿಯಾಗುತ್ತದೆ. ವೀರರಂತೆ... ವೀರರು!

ದಳವಾಯಿಗೆ ಅಷ್ಟಕ್ಕೂ ಸಾಲಲಿಲ್ಲ. "ಅಲ್ಲ ಉಸ್ತಾದ್, ನೀವು ಲಂಗೋಟಿ ಕಟ್ಟೋದು ಕಲಿಸಿದ ಹುಡುಗನಿಗೇ ಕೈ ಮುಗಿದ್ರಲ್ಲ... ನಾಚ್ಕೆ ಆಗ್ಲಿಲ್ವಾ?"

"ನಾಚ್ಕೆ ಯಾಕಪ್ಪ? ಇದು ನಾನು ಅವ್ನಿಗೆ ಕೊಡಬೇಕಾಗಿದ್ದೇ. ಕೊಡೋದು ತಡ ಆತು ಅಷ್ಟೇ."

ಎಲ್ಲರೂ ಮುಖ ಮುಖ ನೋಡಿಕೊಂಡರು.

"ನಿಮಗೆ ಗೊತ್ತಿಲ್ಲ. ಇವ್ನು ಮೀಸೆ ಮೂಡದ ಹುಡುಗ ಆಗ. ತಾಲ್ಲೂಕಿನ ಕುಸ್ತಿ, ಕೊನೇ ಜೋಡಿ. ಪಟ್ಟಿನಾಗೆ ಎದುರಿನ ಹುಡುಗನ ಭುಜದ ಕೀಲು ಜಾರಿಬಿಡ್ತು. ನೋಡೋರಿಗೆ ಕಾಣ್ಲಿಲ್ಲ, ಹಿಡ್ಕಂಡಿದ್ದ ಇವ್ನ ಕೈಗೆ ಗೊತ್ತಾತು. ಇನ್ನೊಂದು ತಿರುವು ಕೊಟ್ಟಿದ್ರೆ ಬೆಳ್ಳಿ ಗದೆ ಇವಂದೇ... ಆ ಹುಡುಗನ ಕೈ ಜನ್ಮಕ್ಕೂ ಹೋಗ್ತಿತ್ತು."

ಉಸ್ತಾದರ ದನಿ ಸಣ್ಣಗಾಯಿತು.

"ಇವ್ನು ಪಟ್ಟು ಬಿಟ್ಟ. ತಾನೇ ಮಣ್ಣಿಗೆ ಬೆನ್ನು ಹಚ್ಚಿ ಸೋತ. ಜನ ಎಲ್ಲ ಹೇಡಿ, ಹೇಡಿ ಅಂದ್ರು. ನಾನೂ ಮುಖ ತಿರುಗಿಸ್ಕಂಡು ಎದ್ದು ಹೋದೆ. ಆಮ್ಯಾಕೆ ಆ ಸೋಲಬೇಕಾಗಿದ್ದ ಹುಡುಗನೇ ಬಂದು ಅತ್ಕಂತ ಹೇಳ್ದ. ಇವ್ನು ಮಾತ್ರ ಇವತ್ತಿನ ತನಕ ಒಂದು ಮಾತು ಆಡಿಲ್ಲ."

"ಅವತ್ತೇ ಊರ ಮುಂದೆ ನಾನು ಇವ್ನನ್ನ ಗಂಡುಗಲಿ ಅನ್ಬೇಕಿತ್ತು. ಬಾಯಿ ಬರ್ಲಿಲ್ಲ. ಇವತ್ತು ನೀವೇ ಅನ್ನಿಸಿದ್ರಿ, ಒಳ್ಳೇದಾತು. ನೂರು ಸಲ ಬೇಕಾದ್ರೂ ಅಂತೀನಿ... ಬೀಗದ ಕೈ ಒಂದು ಕೊಡ್ಸಿ."

ಪಟ್ಟು ಬಿಟ್ಟ ಆ ಹುಡುಗನನ್ನು ಓಬಳೇಶನೇ ಮರೆತುಬಿಟ್ಟಿದ್ದ.

ಕಾಲ ಮೇಲಿನ ಕಾಲು ತಾನಾಗಿ ಕೆಳಗಿಳಿಯಿತು. "ಆ ವಿಡಿಯೋ ಕೊಡಿಲ್ಲಿ" ಎಂದ.

ನೋಡಿದ. ಬಗ್ಗಿ ನಿಂತ ಗುರು... ಮೀಸೆ ತಿರುವುತ್ತಾ ಕೂತ ತಾನು...

"ಥೂ!" ಎಂದ. ಯಾರಿಗೆ ಅಂದದ್ದು ಎಂದು ಯಾರೂ ಕೇಳಲಿಲ್ಲ.

ದಳವಾಯಿ ಮೆಲ್ಲಗೆ, "ಗಂಡುಗಲಿಗಳೇ, ತಮಾಷೆಗೆ ಮಾಡಿದ್ದು..." ಎಂದ.

"ಹಂಗೆ ಕರೀಬ್ಯಾಡ ಮಾರಾಯ. ನಿನ್ನ ಬಾಯಾಗೆ ಅದು ಕೇಳಿದ್ರೆ ಅಸಹ್ಯ ಆಗ್ತತಿ."

ಓಬಳೇಶ ಕುರ್ಚಿಯಿಂದ ಎದ್ದ. ಕಣ್ಣಲ್ಲಿ ನೀರು ತುಂಬಿತ್ತು.

ಜೇಬಿನಿಂದ ಬೀಗದ ಕೈ ತೆಗೆದು ಗುರುವಿನ ಅಂಗೈಯಲ್ಲಿಟ್ಟ... ಆ ಮುದಿ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದ.

*

ಕೇಳಿ ಕರೆಸಿಕೊಂಡ ಬಿರುದು ಫ್ಲೆಕ್ಸಿನಲ್ಲಿ ಹರಿದು ಹೋಗುತ್ತದೆ. ಯಾರಿಗೂ ಹೇಳದೆ ಬಿಟ್ಟುಕೊಟ್ಟ ಗೆಲುವು ಒಬ್ಬರ ಮನಸ್ಸಿನಲ್ಲಾದರೂ ಉಳಿಯುತ್ತದೆ.

ನಿಮ್ಮನ್ನು ಇಂದಿಗೂ "ಲೇ" ಎಂದು ಕರೆಯುವ ಹಿರಿಯರು ಯಾರಿದ್ದಾರೆ... ಅವರು ಬಂದಾಗ ನೀವು ಕುರ್ಚಿಯಿಂದ ಏಳುತ್ತೀರಾ?