ಬಿಲ್ಡಪ್ ಇಲ್ಲದ ಫ್ಲೆಕ್ಸ್

ರಾಯಭಾರಿಯಾಗಿ ದೇಶದೇಶ ಸುತ್ತಿ ನಿವೃತ್ತರಾಗಿದ್ದ ಸೇತುರಾಯರಿಗೆ ಬಡಾವಣೆಯ ಫ್ಲೆಕ್ಸುಗಳ ಭಾಷೆ ಕಂಡರೆ ಮೈ ಉರಿಯುತ್ತಿತ್ತು. ‘ಒಳ್ಳೆಯ ಬರವಣಿಗೆ’ ಕುರಿತ ಅವರ ಹಿಂದಿನ ಭಾಷಣಕ್ಕೆ ಬಂದಿದ್ದವರು ಮೈಕಿನವನು ಮತ್ತು ಅವನ ಮಾವ. ಈ ಸಲವಾದರೂ ಜನ ಸೇರಲಿ ಎಂದು ಯುವಕ ಸಂಘದ ಲೋಕಿಯನ್ನು ಕರೆಸಿದರು.

“ಸಾರ್, ‘ಏರಿಯಾದ ಹುಲಿ, ವಿಶ್ವಮಾನ್ಯ ವಾಗ್ಮಿ’ ಅಂತ ಹಾಕ್ಸ್ತೀನಿ. ಬಿಲ್ಡಪ್ ಇಲ್ದೆ ಹೀರೋ ಎಂಟ್ರಿ ಕೊಟ್ರೆ ಶಿಳ್ಳೆ ಬೀಳಲ್ಲ.”

“ಹುಲಿನೂ ಬೇಡ, ಇಲಿನೂ ಬೇಡ ಕಣಯ್ಯಾ. ನನ್ನ ಹೆಸರು, ಸಭೆ, ಜಾಗ, ಹೊತ್ತು. ಅಷ್ಟೇ.”

“ಫೋಟೋಗೆ ಕೂಲಿಂಗ್ ಗ್ಲಾಸು? ಹಿಂದ್ಗಡೆ ಬೆಂಕಿ?”

“ಬಣ್ಣವೇ ಬೇಡ. ಕಪ್ಪು ಬಿಳುಪು.”

“ಸಾರ್, ಇದ್ಯಾಕೋ ಕ್ಲೈಮ್ಯಾಕ್ಸ್ ಥರ ಕಾಣ್ತದೆ...”

“ಹೇಳಿದಷ್ಟು ಮಾಡು.”

ಸಭೆಯ ಸಂಜೆ ರಾಯರು ಲೋಕಿಯ ಬೈಕಿನಿಂದ ಇಳಿದಾಗ ಸಭಾಭವನ ತುಂಬಿತ್ತು. ಒಳಗೆ ಒಂದು ಪಿಸುಮಾತೂ ಇಲ್ಲ. ಸರಳ ಕನ್ನಡದ ಶಕ್ತಿ ಕಂಡು ರಾಯರ ಕಣ್ಣು ತುಂಬಿತು. ಹಿಂಬಾಗಿಲಲ್ಲಿ ಅವರು ಕಾಲಿಡುವುದಕ್ಕೂ ಕೂತವರೆಲ್ಲ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಧನ್ಯರಾಗಿ ಕೈ ಮುಗಿದರು. ಆದರೆ ಒಬ್ಬರೂ ತಿರುಗಿ ನೋಡಲಿಲ್ಲ.

ವೇದಿಕೆಯ ಮೇಲೆ ಅವರದೇ ಕಪ್ಪು ಬಿಳುಪು ಫೋಟೋ. ಅದಕ್ಕೆ ಹಾರ, ಮುಂದೆ ಊದುಬತ್ತಿ. ಮೈಕಿನಲ್ಲಿ ಬಡಾವಣೆ ಸಂಘದ ಅಧ್ಯಕ್ಷರ ಗದ್ಗದ ದನಿ: “ಅಗಲಿದ ರಾಯರ ಆತ್ಮಶಾಂತಿಗಾಗಿ ಒಂದು ನಿಮಿಷ ಮೌನ.”

ರಾಯರು ಬಾಯಿ ತೆರೆದರು. ಆದರೆ ಮೌನಾಚರಣೆಯ ನಡುವೆ ಮಾತಾಡುವುದು ಯಾವ ದೇಶದಲ್ಲೂ ಶಿಷ್ಟಾಚಾರವಲ್ಲ.

ಅವರೂ ತಲೆ ತಗ್ಗಿಸಿ ನಿಂತರು.