ಪುಷ್ಪ ನಿಲಯದ ಕರಿಯ

"ಏ ಕರಿಯಾ, ಕಳ್ಳ ನನ್ಮಗನೇ, ಚಪ್ಪಲಿ ಎಲ್ಲಿಟ್ಟೆ? ಇವತ್ತು ಊಟ ಇಲ್ಲ ನಿಂಗೆ!"

ಮೋನಿಕಾ ಮಹಡಿಯಿಂದ ಕೂಗಿದ್ದು ಅಂಗಳದಲ್ಲಿದ್ದ ತನ್ನ ಕಪ್ಪು ನಾಯಿಗೆ. ಬೆಚ್ಚಿಬಿದ್ದವರು ಮಾತ್ರ ಲಗ್ನಪತ್ರಿಕೆ ಹಿಡಿದು ಗೇಟಿನ ಬಳಿ ನಿಂತಿದ್ದ ಬಿಳಿ ಪಂಚೆಯ ಮುದುಕರು.

"ಯಾರಿಗಮ್ಮ ಹಂಗೆ ಬಯ್ತಿದೀಯ?"

"ನಾಯಿಗೆ ಅಜ್ಜ. ಕರಿಯ ಅಂತ ಅದರ ಹೆಸರು. ಕಚ್ಚಲ್ಲ, ಬನ್ನಿ."

ಮುದುಕರು ಗೇಟಿನ ಚಿಲಕದ ಮೇಲೆ ಇಟ್ಟ ಕೈ ಹಾಗೇ ಇತ್ತು. "ಸರಿ ಹೋಯ್ತು. ನಾನು ಭೂತಪ್ಪ ಅಂತ, ಭದ್ರಾವತಿ ನ್ಯೂ ಟೌನಿಂದ ಬಂದೆ. ಈ ಮನೆ ಯಜಮಾನನೂ ನಾನೂ ಕಾರ್ಖಾನೇಲಿ ಒಂದೇ ಶಿಫ್ಟು. ಅವನ ಹೆಸರು ಕರಿಯಣ್ಣ. ತೀರಿಹೋಗಿ ಎರಡು ವರ್ಷ ಆಯ್ತು. ಅವನ ಹೆಂಡ್ತಿ ಕೆಳಗಡೇನೇ ಇರೋದು ಅಲ್ವೇನಮ್ಮ? ಕಿವಿ ಚೆನ್ನಾಗಿ ಕೇಳಿಸುತ್ತೆ ತಾನೆ ಅವಳಿಗೆ?"

ಮುದುಕರು ಕೆಳಗಡೆ ಪತ್ರಿಕೆ ಕೊಟ್ಟು ಹೋದ ಮೇಲೂ ಮೋನಿಕಾ ನಿಂತಲ್ಲೇ ನಿಂತಿದ್ದಳು. ಅವಳೂ ಗಂಡ ರೂಪೇಶನೂ ಶಿವಮೊಗ್ಗದ ಗೋಪಾಳದ ಈ ಮನೆಗೆ ಬಾಡಿಗೆಗೆ ಬಂದು ಮೂರು ತಿಂಗಳಾಗಿತ್ತು. ಬಾಡಿಗೆ ಮಾತಾಡಿದ್ದು ಮನೆಯೊಡತಿಯ ಅಳಿಯ. ಗೇಟಿನ ಮೇಲಿದ್ದದ್ದು 'ಪುಷ್ಪ ನಿಲಯ'. ಒಡತಿ ಪುಷ್ಪಮ್ಮನ ಬಾಯಲ್ಲಿ ಬರುತ್ತಿದ್ದದ್ದು 'ನಮ್ಮನೆಯವರು' ಎಂಬ ಮಾತೊಂದೇ. ಹೆಸರು ತಿಳಿಯುವುದಾದರೂ ಹೇಗೆ? ಈಗ ತಾನು ಕೂಗಿದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಕರಿಯಾ, ಗೋಡೆಗೆ ಕಾಲೆತ್ತಬೇಡ. ಕರಿಯಾ, ಸಿಕ್ಕಿದ್ದೆಲ್ಲ ತಿಂದು ಹೊಟ್ಟೆ ಕೆಡಿಸ್ಕೋಬೇಡ. ಕರಿಯಾ, ಇನ್ನೊಂದ್ಸಲ ಆ ಪಕ್ಕದ್ಮನೆ ಜೂಲಿ ಹಿಂದೆ ಹೋದ್ರೆ ಕಾಲು ಮುರೀತೀನಿ! ಎಲ್ಲವೂ ನೆಟ್ಟಗೆ ಪುಷ್ಪಮ್ಮನ ಅಡುಗೆಮನೆ ಕಿಟಕಿಗೇ ಬಿದ್ದಿರಬೇಕು. 'ನಾಯಿ ಇದೆ' ಎಂದೊಡನೆ ಶಿವಮೊಗ್ಗದ ಎಷ್ಟೋ ಮನೆಗಳ ಬಾಗಿಲು ಮುಚ್ಚಿದ್ದವು. ಈ ಮನೆಯೂ ಹೋದರೆ ನಾಯಿಯನ್ನು ಭದ್ರಾವತಿಯ ಓಲ್ಡ್ ಟೌನಿನ ತವರಿಗೆ ಬಿಟ್ಟು ಬರುವುದೊಂದೇ ದಾರಿ.

"ಇವತ್ತಿಂದ ಬ್ರೂನೋ," ಎಂದ ರೂಪೇಶ್, ಆಫೀಸಿನ ಬ್ಯಾಗು ಇಳಿಸುವ ಮೊದಲೇ. ಎದುರುಮನೆ ಸ್ಫೂರ್ತಿ ಒಪ್ಪಲಿಲ್ಲ. "ಈ ಬೀದಿ ತುಂಬ ಬ್ರೂನೋಗಳೇ. ಓರಿಯೋ ಅಂತಿಡಿ, ಆ ಬಿಸ್ಕತ್ತಿನಂಗೆ ಕಪ್ಪಿಗೆ ಕಪ್ಪೂ ಆಯ್ತು, ಸ್ಟೈಲಿಗೆ ಸ್ಟೈಲೂ ಆಯ್ತು." ಓಲ್ಡ್ ಟೌನಿನಿಂದ ಫೋನಿನಲ್ಲಿ ಅಮ್ಮ ರೇಗಿದಳು: "ಕರಿ ನಾಯಿಗೆ ಕರಿಯ ಅನ್ನದೆ ಬೆಳ್ಳಿಯಪ್ಪ ಅಂತಾರೇನೇ? ಏನಾದ್ರೂ ಇಡು, ದೇವರ ಹೆಸರು ಮಾತ್ರ ಇಡಬೇಡ." ಬೆಳಿಗ್ಗೆ ಬಂದ ಹಾಲಿನವನೂ ಸುಮ್ಮನಿರಲಿಲ್ಲ. "ನಾಯಿಗೆ ಇಂಗ್ಲಿಷ್ ಹೆಸರೇ ವಾಸಿ ಅಕ್ಕ. ಗೋಪಾಳದಲ್ಲಿ ಇಂಗ್ಲಿಷರು ಯಾರೂ ಇಲ್ಲ, ಜಗಳಕ್ಕೆ ಬರಲ್ಲ."

ನಾಯಿಯನ್ನು ಯಾರೂ ಕೇಳಲಿಲ್ಲ. 'ಬ್ರೂನೋ' ಎಂದರೆ ಅದು ತಿರುಗಿ ತನ್ನ ಹಿಂದೆ ಯಾರು ಬಂದರೆಂದು ನೋಡುತ್ತಿತ್ತು. ಆಮೇಲೆ ಅದನ್ನೂ ಬಿಟ್ಟು ಗೇಟಿನ ಬಳಿ ಮುಖ ಊದಿಸಿಕೊಂಡು ಮಲಗಿತು. ಮೇಲೆ ಬಾ ಎಂದರೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಪುಷ್ಪಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅಕ್ಕಿ ರೊಟ್ಟಿಯ ಚೂರುಗಳು. ದಿನಾ ಅದನ್ನು ಅವರು ಅಂಗಳದಲ್ಲಿಟ್ಟು, ಅಂಚನ್ನು ಬೆರಳಲ್ಲಿ ತಟ್ಟಿ ನಾಯಿಯನ್ನು ಬರಮಾಡಿಕೊಳ್ಳುತ್ತಿದ್ದರು.

"ಏನಮ್ಮ, ಯಾರೋ ಬ್ರೂನೋ ಅಂತ ಹೊಸಬರು ಬಂದಂಗಿದೆ?"

ಮೋನಿಕಾ ಬಾಗಿಲಿಗೆ ಓಡಿಬಂದಳು. "ತಪ್ಪಾಯ್ತು ಅಮ್ಮ. ನಿಮ್ಮ ಯಜಮಾನರ ಹೆಸರು ನಮಗೆ ಗೊತ್ತೇ ಇರಲಿಲ್ಲ. ಇನ್ಮೇಲೆ ಅಪ್ಪಿತಪ್ಪಿಯೂ ಕೂಗಲ್ಲ. ಮನೆ ಮಾತ್ರ ಬಿಡಿಸ್ಬೇಡಿ."

"ಮನೆ ಬಿಡು ಅಂತ ಯಾರಂದ್ರು ಮಾರಾಯ್ತಿ? ಹೆಸರು ಯಾಕೆ ಬಿಡಿಸಿದೆ ಅಂತ ಕೇಳೋಕೆ ಬಂದೆ." ಪುಷ್ಪಮ್ಮ ಮೇಲಿನ ಮೆಟ್ಟಿಲ ಮೇಲೆ ಕುಳಿತರು. "ನಮ್ಮತ್ತೆ ಮಗನ್ನ ಹಂಗೇ ಕೂಗೋರು, ಉಣ್ಣೋಕೆ ಬಾರೋ ಅಂತ. ಅವರೂ ಹೋದ್ರು. ಈಗ ನೋಡು, ಮಗಳು ಅಪ್ಪ ಅಂತಾಳೆ, ಅಳಿಯ ಮಾವ ಅಂತಾನೆ, ಬಂದೋರೆಲ್ಲ ತೀರಿಕೊಂಡೋರು ಅಂತಾರೆ. ಹೆಸರು ಹಿಡಿದು ಕೂಗೋಳು ನೀನೊಬ್ಬಳೇ ಇದ್ದೆ."

"ನೀವೇ ಕೂಗಬಹುದಲ್ಲ ಅಮ್ಮ?"

"ಬಿಡ್ತು ಅನ್ನು! ಗಂಡನ ಹೆಸರು ಹೇಳೋದುಂಟಾ? ಓ ಅನ್ನೋಕೆ ಇದ್ದಾಗಲೇ ಹೇಳಲಿಲ್ಲ." ಅವರ ತುಟಿಯಂಚಿನಲ್ಲಿ ತುಂಟತನ ಸುಳಿಯಿತು. "ನೀನು ಬಯ್ಯೋದು ಮಾತ್ರ ಚೆನ್ನಾಗಿತ್ತು ಕಣೆ. ನಾನು ಅನ್ನಬೇಕು ಅಂದ್ಕೊಂಡು ನುಂಗ್ಕೊಂಡಿದ್ದೆಲ್ಲ ನಿನ್ನ ಬಾಯಲ್ಲಿ ಬಂತು. ಆ ಜೂಲಿ ವಿಷಯ ಒಂದು ಬಿಟ್ಟು."

"ಅಯ್ಯೋ, ಅದು ಪಕ್ಕದ್ಮನೆ ನಾಯಿ ಅಮ್ಮ!"

"ಗೊತ್ತು ಬಿಡೇ." ಅವರು ತಟ್ಟೆಯನ್ನು ಅಲ್ಲೇ ಇಟ್ಟು ಎದ್ದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. "ಕೂಗು."

ಮೋನಿಕಾ ಕಂಬಿಯ ಬಳಿ ಬಂದು ಮೆಲ್ಲಗೆ, "ಕರಿಯಾ," ಎಂದಳು.

"ಗಂಟಲಿಗೇನಾಯ್ತು? ಯಾವಾಗಿನಂಗೆ ಕೂಗು."

"ಏ ಕರಿಯಾ! ರೊಟ್ಟಿ ಆರ್ತಿದೆ, ಬರ್ತೀಯೋ ಇಲ್ವೋ?"

ಗೇಟಿನ ಬಳಿ ಬಿದ್ದುಕೊಂಡಿದ್ದ ನಾಯಿ ತಟಕ್ಕನೆ ಎದ್ದು, ಅಂಗಳ ದಾಟಿ, ಮೆಟ್ಟಿಲಿಗೆ ನೆಗೆಯಿತು. ಇಳಿಯುತ್ತಿದ್ದ ಪುಷ್ಪಮ್ಮ ಅರ್ಧದಲ್ಲೇ ನಿಂತು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಗೋಡೆಗೆ ಸರಿದು ದಾರಿ ಬಿಟ್ಟರು.